ಅಂಕಿ ಮುಚ್ಚಿಟ್ಟು ಲೆಕ್ಕ ಓದಿಸುವುದು

ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ನನ್ನ ಕೆಲಸ. ಕೂಡುವುದು, ಕಳೆಯುವುದನ್ನೆಲ್ಲ ಪಟಪಟ ಮಾಡಿ ಮುಗಿಸುವ ಮಕ್ಕಳೇ ವಾಕ್ಯರೂಪದ ಲೆಕ್ಕ ಬಂದರೆ ಪೆನ್ಸಿಲ್ ಕಚ್ಚುತ್ತಾ ಕೂತುಬಿಡುತ್ತಾರೆ. ಆಮೇಲೆ, ‘ಮಿಸ್, ಇದು ಕೂಡೋದಾ, ಗುಣಿಸೋದಾ?’ ಎಂದು ಕೇಳುತ್ತಾರೆ. ಇದಕ್ಕೆ ನಾನು ಉತ್ತರ ಹೇಳುವುದಿಲ್ಲ. ಹೇಳಿದರೆ ಆ ಒಂದು ಲೆಕ್ಕ ಮುಗಿಯುತ್ತದೆ, ಅಷ್ಟೇ. ಮುಂದಿನದಕ್ಕೆ ಮತ್ತೆ ಅದೇ ಪ್ರಶ್ನೆ.

ಮೊದಲು ಅಂಕಿಗಳನ್ನು ಮುಚ್ಚಿಸುತ್ತೇನೆ, ಬೆರಳಿಟ್ಟೋ ಕಾಗದದ ಚೂರಿಟ್ಟೋ. ಅಂಕಿ ಕಂಡರೆ ಕೈ ಸುಮ್ನಿರುವುದಿಲ್ಲ, ಅಲ್ವಾ? ಮುಚ್ಚಿದ ಮೇಲೆ ಉಳಿಯುವುದು ಬರೀ ಕಥೆ. ಏನು ನಡೆಯಿತು, ಕೊನೆಗೆ ಏನು ಕೇಳಿದ್ದಾರೆ ಎಂದು ಪುಸ್ತಕ ನೋಡದೆ ತಮ್ಮದೇ ಮಾತಲ್ಲಿ ಹೇಳಬೇಕು. ಬರದಿದ್ದರೆ ಇನ್ನೊಮ್ಮೆ ಓದಬೇಕು. ಆಮೇಲೆ ಉತ್ತರದ ವಾಕ್ಯವನ್ನೇ ಮೊದಲು ಬರೆಸುತ್ತೇನೆ, ಅಂಕಿಯ ಜಾಗ ಮಾತ್ರ ಖಾಲಿ.

ಒಂದು ಲೆಕ್ಕ ನೋಡಿ. ಕಾರು ಹೋಗುವಾಗ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಯಿತು, ಅದೇ ದಾರಿಯಲ್ಲಿ 40 ಕಿ.ಮೀ. ವೇಗದಲ್ಲಿ ವಾಪಸ್ ಬಂತು. ಸರಾಸರಿ ವೇಗ ಎಷ್ಟು? ಎಲ್ಲರ ಬಾಯಲ್ಲೂ ಮೊದಲು ಬರುವುದು 50. ನಾನು ತಪ್ಪು ಎನ್ನುವುದಿಲ್ಲ. ‘ಕಾರು ಜಾಸ್ತಿ ಹೊತ್ತು ಓಡಿದ್ದು ಯಾವ ವೇಗದಲ್ಲಿ?’ ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಒಬ್ಬರು, ‘ನಿಧಾನಕ್ಕೆ ಬಂದಾಗ’ ಎನ್ನುತ್ತಾರೆ. ಹಾಗಾದರೆ ಉತ್ತರ 40ರ ಕಡೆಗೆ ವಾಲಬೇಕು, 50ಕ್ಕಿಂತ ಕಡಿಮೆ ಇರಬೇಕು. ಈ ಅಂದಾಜನ್ನು ಪಕ್ಕದಲ್ಲಿ ಬರೆದ ಮೇಲೆಯೇ ಲೆಕ್ಕ ಶುರು.

‘ದೂರ ಕೊಟ್ಟೇ ಇಲ್ವಲ್ಲ!’ ಎಂದು ಕೆಲವರು ಇಲ್ಲಿ ನಿಂತುಬಿಡುತ್ತಾರೆ. ನಾವೇ ಒಂದು ದೂರ ಇಟ್ಟುಕೊಂಡರಾಯಿತು. 60ಕ್ಕೂ 40ಕ್ಕೂ ಶೇಷವಿಲ್ಲದೆ ಭಾಗವಾಗುವ 120 ಕಿ.ಮೀ. ಇರಲಿ. ಹೋಗಲು 2 ಗಂಟೆ, ಬರಲು 3 ಗಂಟೆ. ಒಟ್ಟು 240 ಕಿ.ಮೀ., 5 ಗಂಟೆ. ಭಾಗಿಸಿದರೆ 48. ದೂರ ಬೇರೆ ಇದ್ದಿದ್ದರೆ ಎಂದು ಅನುಮಾನ ಪಡುವ ಮಗು ನನಗೆ ತುಂಬ ಇಷ್ಟ. 240 ಇಟ್ಟು ನೋಡು ಎನ್ನುತ್ತೇನೆ. 4 ಗಂಟೆ, 6 ಗಂಟೆ, ಒಟ್ಟು 480 ಕಿ.ಮೀ. 10 ಗಂಟೆಯಲ್ಲಿ. ಮತ್ತೆ 48! ಅದನ್ನು ತಾನೇ ಕಂಡುಕೊಂಡ ಮಗುವಿಗೆ ಸೂತ್ರ ಬಾಯಿಪಾಠ ಮಾಡಿಸಬೇಕಿಲ್ಲ.

ಶೇಕಡಾ ಲೆಕ್ಕಕ್ಕೆ ನನ್ನದು ಒಂದೇ ಪ್ರಶ್ನೆ: ಯಾವುದರ ಶೇಕಡಾ? 100ಕ್ಕೆ ಶೇ. 20 ಏರಿಸಿ, ಮತ್ತೆ ಶೇ. 20 ಇಳಿಸಿದರೆ 96 ಆಗುತ್ತದೆ. ಎರಡನೇ ಸಲ ಇಳಿಸಿದ್ದು 120ರ ಮೇಲೆ.

ಕೊನೆಗೆ ಖಾಲಿ ಬಿಟ್ಟ ಜಾಗ ತುಂಬಿ, ಆ ವಾಕ್ಯವನ್ನು ಜೋರಾಗಿ ಓದಿಸುತ್ತೇನೆ. 130 ಮಂದಿಗೆ 40 ಸೀಟಿನ ಬಸ್ಸು ಎಷ್ಟು ಬೇಕು? ಭಾಗಿಸಿದರೆ 3.25. ‘3.25 ಬಸ್ಸು ಬೇಕು’ ಎಂದು ಓದುವಾಗಲೇ ಮಕ್ಕಳಿಗೆ ನಗು ಬಂದು 4 ಎಂದು ತಿದ್ದುತ್ತಾರೆ. ಜೊತೆಗೇ ಇನ್ನೆರಡು ಲೆಕ್ಕ ಕೊಡುತ್ತೇನೆ. 130 ಮೀಟರ್ ಹಗ್ಗದಲ್ಲಿ 40 ಮೀಟರಿನ ತುಂಡು ಎಷ್ಟು ಸಿಗುತ್ತವೆ? 3. 130 ಲೀಟರ್ ನೀರನ್ನು 40 ಮಂದಿಗೆ ಸಮನಾಗಿ ಹಂಚಿದರೆ? ಇಲ್ಲಿ 3.25 ಲೀಟರೇ ಸರಿ. ಭಾಗಾಕಾರ ಒಂದೇ, ಉತ್ತರ ಮೂರು. ಈ ಮೂರನ್ನೂ ಒಟ್ಟಿಗೇ ಕೊಡಬೇಕು. ಬೇರೆ ಬೇರೆ ದಿನ ಕೊಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.