ಒಂದೇ ಕಡೆ ವಾಲಿದ ಎನ್‌ಬಿಎ ಟ್ರೇಡ್ ಅಳೆಯುವುದು ಹೇಗೆ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಆಟಗಾರರನ್ನು, ಪಿಕ್‌ಗಳನ್ನು ವಿನಿಮಯ ಮಾಡಿಕೊಳ್ಳುವುದೇ ಟ್ರೇಡ್. ದೊಡ್ಡ ಹೆಸರುಗಳಿಗೆ ಮರುಳಾಗಬೇಡಿ. ಮೊದಲು ಆಟಗಾರರ ವಯಸ್ಸು, ಒಪ್ಪಂದದಲ್ಲಿ ಉಳಿದ ವರ್ಷಗಳನ್ನು ಬರೆದುಕೊಳ್ಳಿ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಬಾಸ್ಟನ್ ಸೆಲ್ಟಿಕ್ಸ್‌ನಿಂದ ತಂದ ಕೆವಿನ್ ಗಾರ್ನೆಟ್‌ಗೆ 37, ಪಾಲ್ ಪಿಯರ್ಸ್‌ಗೆ 35. ಪಿಯರ್ಸ್ ಒಂದೇ ಸೀಸನ್ ಆಡಿ ಹೊರಟರು.

ಆಮೇಲೆ ಡ್ರಾಫ್ಟ್ ಪಿಕ್‌ಗಳನ್ನು (ಹೊಸ ಆಟಗಾರರನ್ನು ಆರಿಸುವ ಸರದಿ; ಸೋತ ತಂಡಗಳಿಗೆ ಸಾಮಾನ್ಯವಾಗಿ ಮೇಲಿನ ಸರದಿ) ನೋಡಿ. ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಆ ಆಟಗಾರರ ಬದಲಿಗೆ ಬಾಸ್ಟನ್‌ಗೆ ನೆಟ್ಸ್‌ನ 2014, 2016, 2018ರ ಮೊದಲ ಸುತ್ತಿನ ಪಿಕ್‌ಗಳು, ಜೊತೆಗೆ 2017ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು ಸಿಕ್ಕಿತು. 'ಮೇಲಿನ ಸ್ಥಾನ ಬಂದರೆ ನಮ್ಮಲ್ಲೇ ಉಳಿಯಲಿ' ಎಂಬ ರಕ್ಷಣಾ ಷರತ್ತು ಯಾವುದಕ್ಕೂ ಇರಲಿಲ್ಲ! ಸೋಲುವ ತಂಡ ಚೇತರಿಸಿಕೊಳ್ಳುವುದೇ ಒಳ್ಳೆಯ ಪಿಕ್‌ನಿಂದ. 2016-17ರಲ್ಲಿ ಬರೀ 20 ಪಂದ್ಯ ಗೆದ್ದ ನೆಟ್ಸ್‌ಗೆ ಆ ಅದಲುಬದಲಿನಿಂದ ಮೊದಲ ಪಿಕ್ಕೇ ಕೈತಪ್ಪಿತು. ಅವರ ಪಿಕ್‌ಗಳ ಬಲದಿಂದ ಬಾಸ್ಟನ್‌ಗೆ ಮುಂದೆ ತಾರೆಗಳಾದ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಂದರು. ಕೊನೆಯ ಪಿಕ್ ಬಳಕೆಯಾಗುವವರೆಗೆ ತೀರ್ಪು ಕೊಡಬೇಡಿ.