ಸ್ಲೋದಲ್ಲಿ ನಿಲ್ಲದ ದೋಣಿ ಎಂಜಿನ್ ಮತ್ತು ಅರ್ಧ ತಪ್ಪಲೆ ನಿಂಬೆಹುಳಿ: ನನ್ನ ಅನುಭವ

ನನ್ನ ದೋಣಿಯ ಎಂಜಿನ್ ಈಗ ಸ್ಲೋದಲ್ಲಿ, ಎಂದರೆ ರೇಸ್ ಕೊಡದ ಅತಿ ಕಡಿಮೆ ವೇಗದಲ್ಲಿ, ಆರದೆ ನಿಲ್ಲುತ್ತದೆ. ಗೇರಿಗೆ ಹಾಕಿದರೂ ಆರುವುದಿಲ್ಲ, ಒಂದು ಕೈಯಲ್ಲಿ ಚೋಕ್ ಎಳೆದು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚುಕ್ಕಾಣಿ ತಿರುಗಿಸುವ ಸರ್ಕಸ್ಸೂ ಬೇಕಾಗಿಲ್ಲ. ಇಷ್ಟನ್ನು ಧೈರ್ಯವಾಗಿ ಹೇಳುವ ಮಟ್ಟಕ್ಕೆ ಬರಲು ನನಗೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು, ಹದಿನೈದು ಹದಿನಾರು ಸಾವಿರ ರೂಪಾಯಿ ಕೈಬಿಟ್ಟಿತು. ಕೊನೆಗೆ ಕೆಲಸ ಆದದ್ದು ಮಾತ್ರ ಎಂಬತ್ತು ರೂಪಾಯಿಯ ನಿಂಬೆಹಣ್ಣಿನಲ್ಲಿ. ಅದನ್ನು ಮಾಡುವಾಗ ನಕ್ಕವರಲ್ಲಿ ಇಬ್ಬರು ಈಗ ವಿಧಾನ ಕೇಳುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ನಮ್ಮ ಹಿರಿಯರ ಜಮೀನಿನಲ್ಲಿ ಮುಳುಗದೆ ಉಳಿದದ್ದು ಆಚೆ ದಡದ ಒಂದು ತುಂಡು ಅಡಿಕೆ ತೋಟ. ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೂ ದೋಣಿ ಏಕೆ ಎಂದು ಕೇಳುವವರಿದ್ದಾರೆ. ಆ ಸೇತುವೆ ನನ್ನ ತೋಟದ ದಡಕ್ಕೆ ಬರುವುದಿಲ್ಲವಾದ್ದರಿಂದ ಗೊಬ್ಬರ, ಸೊಪ್ಪು, ಗೊನೆ ಕೊಯ್ಯುವವರು ಎಲ್ಲರೂ ದೋಣಿಯಲ್ಲೇ ದಾಟಬೇಕು. ಮಳೆಗಾಲದಲ್ಲಿ ನೀರು ತುಂಬಿದಾಗ ಎಂಜಿನ್ ಸ್ಲೋದಲ್ಲಿ ನಿಂತರೂ ಒಂದೇ, ನಿಲ್ಲದಿದ್ದರೂ ಒಂದೇ. ಫೆಬ್ರವರಿ ಕಳೆದು ನೀರು ಇಳಿದರೆ ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ತಲೆ ಎತ್ತುತ್ತವೆ, ಕೆಲವು ಎತ್ತದೆ ನೀರಿನ ಕೆಳಗೆ ಗೇಣುದ್ದ ಅಡಗಿ ಕೂರುತ್ತವೆ. ಅವುಗಳ ನಡುವೆ ನಡೆಯುವ ವೇಗದಲ್ಲಿ ನುಸುಳಿಕೊಂಡು ಹೋಗಬೇಕು. ಆ ಹೊತ್ತಿಗೆ ಎಂಜಿನ್ ಆರಿದರೆ ಗಾಳಿ ದೋಣಿಯನ್ನು ನೇರವಾಗಿ ಬೊಡ್ಡೆಯ ಮೇಲೆ ತಂದು ಕೂರಿಸುತ್ತದೆ, ಆರಬಾರದೆಂದು ರೇಸ್ ಕೊಟ್ಟರೆ ಪ್ರೊಪೆಲ್ಲರ್ ಹೋಗುತ್ತದೆ. ನನ್ನ ಪ್ರೊಪೆಲ್ಲರಿನ ಒಂದು ರೆಕ್ಕೆ ಹೀಗೆಯೇ ಮುರಿದಿದೆ.

ಎಂಜಿನ್ ಎಂಟು ಅಶ್ವಶಕ್ತಿಯದು, ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಎರಡಕ್ಕೂ ಸೇರಿ ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ಒಂದೇ. ಕರಾವಳಿಯಲ್ಲಿ ನಾಡದೋಣಿಗೆ ದುಡಿದಿದ್ದನ್ನು ನಲವತ್ತೆರಡೋ ನಲವತ್ಮೂರೋ ಸಾವಿರಕ್ಕೆ ಕೊಂಡು ಘಟ್ಟ ಹತ್ತಿಸಿದ್ದೆ. ಅರ್ಧ ರೇಸಿನ ಮೇಲೆ ಓಡಿಸಿದರೆ ಯಾವ ದೂರೂ ಇರಲಿಲ್ಲ. ಸ್ಲೋಗೆ ಇಳಿಸಿದ ಕೂಡಲೇ ಮಿಸ್ಸಿಂಗ್ ಶುರುವಾಗುತ್ತಿತ್ತು. ಕೆಮ್ಮು ಬಂದವರ ಹಾಗೆ ನಾಲ್ಕು ಸಲ ತಡೆತಡೆದು, ಗೇರಿಗೆ ಹಾಕುವಾಗ ಸರಿಯಾಗಿ ಉಸಿರು ಬಿಡುತ್ತಿತ್ತು.

ಪೇಟೆಯ ಮೆಕ್ಯಾನಿಕ್ ಮೊದಲು ಕಾರ್ಬುರೇಟರ್ ಬಿಚ್ಚಿ ಸ್ಪ್ರೇ ಹೊಡೆದು ಜೋಡಿಸಿಕೊಟ್ಟರು, ಎರಡು ದಿನ ಚೆನ್ನಾಗಿದ್ದಂತೆ ಅನ್ನಿಸಿತು. ಆಮೇಲೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಹೋಗಿದೆ ಎಂದರು. ಮೂರು ಸಾವಿರದ ಚಿಲ್ಲರೆ ಕೊಟ್ಟು ಹೊಸದು ಹಾಕಿಸಿದೆ, ಹಳೆಯ ಕಾಯಿಲ್ ಇಂದಿಗೂ ಒಳ್ಳೆಯ ಸ್ಥಿತಿಯಲ್ಲಿ ಅಟ್ಟದ ಮೇಲಿದೆ. ಡೂಪ್ಲಿಕೇಟ್ ರಿಪೇರಿ ಕಿಟ್ ಆರುನೂರು, ಅದರ ಸೂಜಿ ಸರಿಯಾಗಿ ಕೂರದೆ ಪೆಟ್ರೋಲ್ ಉಕ್ಕಿದ್ದರಿಂದ ಮತ್ತೆ ಅಸಲಿ ಕಿಟ್ ಸಾವಿರದ ಒಂಬೈನೂರು. ಪ್ಲಗ್ಗುಗಳನ್ನು ಎಣಿಸಿಲ್ಲ, ಎಂಟಾದರೂ ಇರಬೇಕು. ಎಣ್ಣೆ ಸಾಲದೆ ಹೀಗಾಗುತ್ತಿದೆ ಎಂದ ಒಬ್ಬರ ಮಾತು ಕೇಳಿ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸುತ್ತಿದ್ದುದನ್ನು ಮೂವತ್ತಕ್ಕೆ ಒಂದು ಮಾಡಿದೆ. ಪ್ಲಗ್ಗುಗಳು ಎಣ್ಣೆಯಲ್ಲಿ ಅದ್ದಿ ತೆಗೆದಂತಾದವು, ಮಿಸ್ಸಿಂಗ್ ಮೊದಲಿಗಿಂತ ಜೋರಾಯಿತು. ಎರಡು ಸಲ ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡು ನಾಗೋಡಿ ಘಾಟಿ ಇಳಿದು ಕರಾವಳಿಯ ಒಂದು ವರ್ಕ್‌ಶಾಪಿಗೆ ಹೋದೆ. ಅಲ್ಲಿ ಸೀಲು, ಪ್ಯಾಕಿಂಗು ಬದಲಾಯಿಸಿ, ಅವರ ನೀರಿನ ಡ್ರಮ್ಮಿನಲ್ಲಿ ಓಡಿಸಿ ತೋರಿಸಿದರು. ಅಲ್ಲಿ ನಿಂತ ಎಂಜಿನ್ ಇಲ್ಲಿ ನಿಲ್ಲಲಿಲ್ಲ. ಬಾಡಿಗೆ ಸೇರಿ ಐದೂವರೆ ಸಾವಿರ.

ಘಟ್ಟದ ಸಿದ್ಧಾಂತ ಹುಟ್ಟಿದ್ದು ಆಗಲೇ. ಸಮುದ್ರಮಟ್ಟದ ಎಂಜಿನ್ನಿಗೆ ನಮ್ಮ ಎತ್ತರದಲ್ಲಿ ಗಾಳಿ ತೆಳುವಾಗುತ್ತದೆ, ಆದ್ದರಿಂದ ಸಣ್ಣ ಜೆಟ್, ಎಂದರೆ ಪೆಟ್ರೋಲ್ ಹಾಯುವ ತೂತು ಕಿರಿದಾದದ್ದು, ಹಾಕಬೇಕು ಎಂದು ಅವರೂ ಹೇಳಿದರು, ಇಲ್ಲಿಯವರೂ ತಲೆದೂಗಿದರು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಅಷ್ಟು ಎತ್ತರದಲ್ಲಿ ಗಾಳಿ ಶೇಕಡಾ ಐದರಷ್ಟು ತೆಳುವಾಗುವುದು ನಿಜ, ಆದರೆ ಗಾಳಿ ತೆಳುವಾದರೆ ಅದಕ್ಕೆ ಬೆರೆಯುವ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನನ್ನ ಎಂಜಿನ್ನೋ, ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕನ್ನು ಅರ್ಧ ಎಳೆದ ಕೂಡಲೇ ಸಮಾಧಾನ ಹೊಂದುತ್ತಿತ್ತು, ಎಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಇಷ್ಟು ಸರಳವಾದ ಸಂಗತಿ ನನಗೆ ಹೊಳೆದದ್ದು ಸಣ್ಣ ಜೆಟ್ಟಿಗೆ ನಾನೂರು ರೂಪಾಯಿ ಕೊಟ್ಟು, ಹಾಕಿ, ಎಂಜಿನ್ ಸ್ಟಾರ್ಟೇ ಆಗದೆ ಹುಟ್ಟು ಹಾಕಿಕೊಂಡು ಮನೆಗೆ ಬಂದ ಸಂಜೆ.

ಅಂದಿನಿಂದ ಯಾರನ್ನೂ ಕೇಳುವುದಿಲ್ಲವೆಂದು ತೀರ್ಮಾನಿಸಿ, ಒಂದೊಂದಾಗಿ ತಳ್ಳಿಹಾಕುತ್ತ ಬಂದೆ. ಎರಡು ಪ್ಲಗ್ಗುಗಳ ಕ್ಯಾಪನ್ನು ಸರದಿಯಂತೆ ತೆಗೆದು, ತೆಗೆದದ್ದನ್ನು ಬೇರೆ ಪ್ಲಗ್ಗಿಗೆ ಸಿಕ್ಕಿಸಿ ಅರ್ತ್ ಮಾಡಿ ನೋಡಿದಾಗ ಎರಡೂ ಸಿಲಿಂಡರುಗಳು ಸಮವಾಗಿಯೇ ಬಳಲುತ್ತಿದ್ದವು. ಒಂದು ಮಾತ್ರ ಸತ್ತಿದ್ದರೆ ಕಾಯಿಲ್, ಸೀಲ್, ರಿಂಗ್ ಎಂದು ಹುಡುಕಬಹುದಿತ್ತು. ಎರಡೂ ಸಮನಾಗಿ ಹಸಿದಿದ್ದರೆ ತಪ್ಪು ಎರಡಕ್ಕೂ ಬಡಿಸುವ ಕಡೆ ಇರಬೇಕು. ಪೆಟ್ರೋಲ್ ಪೈಪಿನ ರಬ್ಬರ್ ಗುಂಡನ್ನು ಹಿಂಡಿದರೆ ವ್ಯತ್ಯಾಸವಿಲ್ಲ, ಆದ್ದರಿಂದ ಪಂಪ್ ಸರಿಯಿದೆ. ಕಾರ್ಬುರೇಟರ್ ಕೂರುವ ಜಾಗದ ಪ್ಯಾಕಿಂಗಿನ ಸುತ್ತ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸಿರಿಂಜಿನಲ್ಲಿ ಎಣ್ಣೆ ಬಿಟ್ಟೆ. ಸದ್ದು ಬದಲಾಗಲಿಲ್ಲ, ಆದ್ದರಿಂದ ಗಾಳಿ ಎಳೆಯುತ್ತಿಲ್ಲ. ಕಡೆಗೆ ಸ್ಲೋದ ಪೆಟ್ರೋಲನ್ನು ಹದ ಮಾಡುವ ಪೈಲಟ್ ಸ್ಕ್ರೂವನ್ನು ಪೂರ್ತಿ ಒಳಕ್ಕೂ ಮೂರು ಸುತ್ತು ಹೊರಕ್ಕೂ ತಿರುಗಿಸಿದೆ. ಎಂಜಿನ್ನಿಗೆ ಅದು ಗೊತ್ತೇ ಆಗಲಿಲ್ಲ. ಇಡೀ ಕಥೆಯ ಗುಟ್ಟು ಇಲ್ಲಿತ್ತು. ಹಿಂದಿನ ಮಾಲೀಕರು ಸ್ಲೋಗೆ ಪೆಟ್ರೋಲ್ ಹಾಯುವ ದಾರಿ ಮುಚ್ಚಿಹೋದ ಎಂಜಿನ್ನನ್ನು ಐಡಲ್ ಸ್ಕ್ರೂ ಬಿಗಿದು, ಗಾಳಿಯ ದಾರಿಯ ಥ್ರಾಟಲ್ ತಟ್ಟೆಯನ್ನು ಸ್ವಲ್ಪ ತೆರೆದಿಟ್ಟು ಹೇಗೋ ನಿಲ್ಲಿಸಿ ಮಾರಿದ್ದರು.

ಕಾರ್ಬುರೇಟರನ್ನು ಐದನೆಯ ಸಲ ಬಿಚ್ಚಿದೆ. ತಟ್ಟೆಯ ಅಂಚಿಗೆ, ಗಂಟಲಿನ ಮೇಲುಭಾಗದಲ್ಲಿ, ಸೂಜಿಮೊನೆಯಷ್ಟಿನ ಮೂರು ತೂತುಗಳಿವೆ. ಪೈಲಟ್ ಜೆಟ್ಟಿನ ದಾರಿಗೆ ಸ್ಪ್ರೇಯ ನಳಿಗೆ ಇಟ್ಟು ಒತ್ತಿದರೆ ಮೂರರಿಂದಲೂ ಚಿಮ್ಮಬೇಕು. ನನ್ನದರಲ್ಲಿ ಒಂದರಿಂದ ಮಾತ್ರ, ಅದೂ ಬೆವರಿನಂತೆ ಹನಿ ಕೂರುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಉಳಿದೆರಡರ ಬಾಯಲ್ಲಿ ಸುಣ್ಣದಂತಹ ಬಿಳಿ. ಪೆಟ್ರೋಲಿನ ಅಂಟಾಗಿದ್ದರೆ ಸ್ಪ್ರೇ ಅದನ್ನು ಕರಗಿಸುತ್ತಿತ್ತು. ಇದು ಉಪ್ಪುನೀರು ಕುಡಿದ ಅಲ್ಯೂಮಿನಿಯಂ ಬಿಟ್ಟ ಕಿಲುಬು. ಅದರ ಮೇಲೆ ಸಾವಿರ ರೂಪಾಯಿಯ ಸ್ಪ್ರೇ ಹೊಡೆದರೂ ಬಂಡೆಗೆ ನೀರು ಹೊಯ್ದಂತೆ.

ಕಿಲುಬಿಗೆ ಹುಳಿ ಎನ್ನುವುದು ನಮ್ಮ ಮನೆಗಳಲ್ಲಿ ದೇವರ ದೀಪ ತೊಳೆಯುವವರಿಗೆಲ್ಲ ಗೊತ್ತಿರುವ ಮಾತು. ಆದರೆ ದೀಪದ ಹಿತ್ತಾಳೆ ಬೇರೆ, ಕಾರ್ಬುರೇಟರಿನ ಮೈ ಬೇರೆ. ಆದ್ದರಿಂದ ಗುಜರಿಯಲ್ಲಿ ಹಳೆಯ ಸ್ಕೂಟರುಗಳ ಕಾರ್ಬುರೇಟರ್ ನಾಲ್ಕನ್ನು ಇನ್ನೂರು ರೂಪಾಯಿಗೆ ತಂದು ಮೊದಲು ಅವುಗಳ ಮೇಲೆ ಪ್ರಯೋಗ ಮಾಡಿದೆ. ಹುಣಸೆಹುಳಿಯಲ್ಲಿ ಬೇಯಿಸಿದ್ದರ ಮೈಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದವು. ವರ್ಷಕ್ಕೆಂದು ಕಟ್ಟಿಡುವ ಹುಣಸೆಗೆ ಉಪ್ಪು ಬೆರೆಸಿರುತ್ತಾರೆಂಬುದು ಆಮೇಲೆ ನೆನಪಾಯಿತು, ಸಾಲದ್ದಕ್ಕೆ ನಾರು ಒಳಗೆ ಸಿಕ್ಕಿಕೊಂಡಿತು. ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಿನ ಸಿಪ್ಪೆಯ ಕಷಾಯದಲ್ಲಿ ಕಿಲುಬು ಹೋಯಿತು, ಮೈ ಕಪ್ಪಾಯಿತು. ಅಡಿಕೆ ಬೇಯಿಸುವ ಹಂಡೆಯಲ್ಲಿ ಚೊಗರು ಉಳಿದಿತ್ತಲ್ಲ ಎಂದು ಮೂರನೆಯದನ್ನು ಅದರಲ್ಲಿ ಮುಳುಗಿಸಿದೆ. ಅದು ಶುದ್ಧ ಮೂರ್ಖತನ, ಇದ್ದ ತೂತುಗಳೂ ಚೊಗರಿನಿಂದ ಮುಚ್ಚಿಕೊಂಡವು. ಸೋಸಿದ ನಿಂಬೆರಸದಲ್ಲಿ ಬೆಂದ ನಾಲ್ಕನೆಯದು ಮಾತ್ರ ಬೂದುಬಣ್ಣಕ್ಕೆ ತಿರುಗಿ, ಒಳಗೆಲ್ಲ ಶುಭ್ರವಾಗಿ ಹೊರಬಂತು.

ನನ್ನ ಎಂಜಿನ್ನಿನದನ್ನು ಹೀಗೆ ಮಾಡಿದೆ. ಜೆಟ್, ಫ್ಲೋಟ್, ಸೂಜಿ, ಸ್ಕ್ರೂ, ರಬ್ಬರ್ ಎಲ್ಲವನ್ನೂ ತೆಗೆದು ಮೈಯನ್ನು ಮಾತ್ರ ಉಳಿಸಿಕೊಂಡೆ. ಹಿತ್ತಾಳೆ, ಕಬ್ಬಿಣ ಜೊತೆಗಿದ್ದರೆ ಹುಳಿಯಲ್ಲಿ ಅವು ಅಲ್ಯೂಮಿನಿಯಂನ್ನು ಕೆಡಿಸುತ್ತವೆ. ಸ್ಟೀಲ್ ತಪ್ಪಲೆಗೆ ಇಪ್ಪತ್ತೈದು ಮೂವತ್ತು ನಿಂಬೆಹಣ್ಣಿನ ರಸ, ಅದರಷ್ಟೇ ನೀರು, ಎರಡು ಪದರದ ಬಟ್ಟೆಯಲ್ಲಿ ಸೋಸಿದ್ದು. ಕುದಿ ಬರಿಸದೆ, ತಳದಿಂದ ಗುಳ್ಳೆ ಏಳುವಷ್ಟು ಉರಿಯಲ್ಲಿ ಹತ್ತು ಹದಿನೈದು ನಿಮಿಷ, ಮಗುಚಿ ಹಾಕಿ ಮತ್ತೆ ಅಷ್ಟೇ ಹೊತ್ತು. ಪಕ್ಕದ ತೋಟದವರು ಬಂದು ತಪ್ಪಲೆಗೆ ಇಣುಕಿ, "ಎಂತ ಮಾರಾಯ್ರೇ, ಕಾರ್ಬುರೇಟರಿನ ಸಾರು ಮಾಡ್ತಾ ಇದ್ದೀರಾ? ಒಗ್ಗರಣೆಗೆ ಇಂಗು ಬೇಡ್ವಾ?" ಎಂದರು. ಕರಾವಳಿಯ ವರ್ಕ್‌ಶಾಪಿನವರು ಫೋನಿನಲ್ಲಿ, ಮೈಯೇ ತಿಂದುಹೋಗುತ್ತದೆ, ಹೊಸ ಕಾರ್ಬುರೇಟರಿಗೆ ದುಡ್ಡು ಎತ್ತಿಡಿ ಎಂದಿದ್ದರು. ಅವರ ಮಾತು ಪೂರ್ತಿ ಸುಳ್ಳಲ್ಲ; ಹೊತ್ತು ಮೀರಿದರೆ ತಿನ್ನುತ್ತದೆ, ಅದಕ್ಕೇ ಗಡಿಯಾರ ನೋಡಿಕೊಂಡು ನಿಂತಿದ್ದೆ. ಮನೆಯವಳು ಹೇಳಿದ್ದು ಒಂದೇ ಮಾತು: "ಆ ತಪ್ಪಲೆ ಇನ್ನು ಒಳಗೆ ಬರಬಾರದು." ಬಂದಿಲ್ಲ.

ತೆಗೆದ ತಕ್ಷಣ ಅಡಿಗೆಸೋಡಾ ಕದಡಿದ ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬರುತ್ತದೆ, ನೊರೆ ನಿಂತ ಮೇಲೆ ಬಿಸಿನೀರಿನಲ್ಲಿ ಎರಡು ಸಲ ಜಾಲಿಸಬೇಕು. ಸೋಡಾ ತಪ್ಪಿಸಿದವರಿಗೆ ವಾರದೊಳಗೆ ಮತ್ತೆ ಬಿಳಿ ಕೂರುತ್ತದೆ. ಅನಂತರ ಪಂಕ್ಚರ್ ಅಂಗಡಿಯ ಗಾಳಿ. ಮೆತ್ತಗಾದ ಕಿಲುಬನ್ನು ಆ ಮೂರು ತೂತುಗಳಿಂದ ತೂತಿನ ಅಳತೆ ಹಿಗ್ಗದಂತೆ ಯಾವ ತಂತಿಯಿಂದ ತೆಗೆದೆ, ಅವುಗಳ ಮೇಲಿನ ಸಣ್ಣ ಮುಚ್ಚಳವನ್ನು ಹೇಗೆ ಎಬ್ಬಿಸಿ ಮತ್ತೆ ಹೇಗೆ ಕೂರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಮುಚ್ಚಳದ ತಂಟೆಗೆ ಹೋಗದೆಯೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಬೆಳಿಗ್ಗೆ ಅಂಗಳದ ಬಿಸಿಲಿಗೆ ಹಿಡಿದು ಸ್ಪ್ರೇ ಒತ್ತಿದಾಗ ಮೂರು ತೂತುಗಳಿಂದಲೂ ಜೇಡನ ನೂಲಿನಷ್ಟು ತೆಳ್ಳಗಿನ ಮೂರು ಎಳೆಗಳು ಸಮವಾಗಿ ಎದ್ದವು. ಆ ನೋಟವನ್ನು ಮನೆಯವಳಿಗೂ ಕರೆದು ತೋರಿಸಿದೆ. ಅವಳಿಗೆ ಅಷ್ಟೇನೂ ಅನ್ನಿಸಲಿಲ್ಲ.

ಸ್ಲೋ ಕೂರಿಸುವ ವಿಚಾರದಲ್ಲಿ ನಾನು ಕಲಿತ ಇನ್ನೊಂದು ಸಂಗತಿಯೆಂದರೆ ಡ್ರಮ್ಮನ್ನು ನಂಬಬಾರದು. ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಎಂಜಿನ್ ತನ್ನ ಹೊಗೆಯನ್ನು ತಾನೇ ಕುಡಿಯುತ್ತದೆ, ನೀರಿನ ಒತ್ತಡವೂ ಬೇರೆ; ಅಲ್ಲಿ ಕೂರಿಸಿದ ಸ್ಲೋ ಹೊಳೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನು ದೋಣಿಯನ್ನು ಒಂದು ಬೊಡ್ಡೆಗೆ ಹಗ್ಗದಿಂದ ಕಟ್ಟಿ, ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಮೊದಲು ಐಡಲ್ ಸ್ಕ್ರೂವನ್ನು ಧಾರಾಳವಾಗಿ ಬಿಚ್ಚಿ ತಟ್ಟೆಯನ್ನು ತನ್ನ ಜಾಗಕ್ಕೆ ಬಿಟ್ಟು, ಗೇರಿನಲ್ಲಿಟ್ಟುಕೊಂಡೇ ಪೈಲಟ್ ಸ್ಕ್ರೂ ತಿರುಗಿಸಿದೆ. ಈಗ ಎಂಜಿನ್ ಕಾಲು ಸುತ್ತಿಗೂ ಉತ್ತರ ಕೊಡುತ್ತಿತ್ತು. ಒಂದೂಕಾಲು ಸುತ್ತಿನ ಆಸುಪಾಸಿನಲ್ಲಿ ಸದ್ದು ದುಂಡಗಾಯಿತು. ಪ್ಲಗ್ಗಿನ ವಯರಿಗೆ ಸುತ್ತುವ ಅಗ್ಗದ ಮೀಟರಿನಲ್ಲಿ ನ್ಯೂಟ್ರಲಿನಲ್ಲಿ ನಿಮಿಷಕ್ಕೆ ಒಂಬೈನೂರು ಸುತ್ತು, ಗೇರಿನಲ್ಲಿ ಏಳುನೂರರ ಮೇಲೆ ಸ್ವಲ್ಪ ತೋರಿಸಿತು. ಹಗ್ಗ ಬಿಗಿದುಕೊಂಡು ದೋಣಿ ಮೆಲ್ಲಗೆ ಎಳೆಯುತ್ತಲೇ ಇತ್ತು, ನಾನು ಇಪ್ಪತ್ತು ನಿಮಿಷ ಸುಮ್ಮನೆ ಕೂತು ಕೇಳಿದೆ.

ಇದರ ನಡುವೆ ಎಥನಾಲ್ ಬೆರೆಸಿದ ಈಗಿನ ಪೆಟ್ರೋಲನ್ನೂ ಒಮ್ಮೆ ಪರೀಕ್ಷಿಸಿದ್ದೆ. ಅಳತೆಯ ಬಾಟಲಿಯಲ್ಲಿ ನೂರು ಮಿಲಿ ಪೆಟ್ರೋಲಿಗೆ ಹತ್ತು ಮಿಲಿ ನೀರು ಹಾಕಿ ಕುಲುಕಿಟ್ಟರೆ ತಳದಲ್ಲಿ ನಿಂತದ್ದು ಇಪ್ಪತ್ತೆಂಟೋ ಮೂವತ್ತೋ ಮಿಲಿ, ಎಂದರೆ ಎಥನಾಲೆಲ್ಲ ನೀರಿನ ಜೊತೆ ಕೆಳಗಿಳಿದಿತ್ತು. ಜುಲೈ ತಿಂಗಳ ನಮ್ಮ ಥಂಡಿಯಲ್ಲಿ ಅರ್ಧ ತುಂಬಿದ ಟ್ಯಾಂಕ್ ಹದಿನೈದು ದಿನ ದಡದಲ್ಲಿದ್ದರೆ ಎಥನಾಲ್ ಗಾಳಿಯಿಂದ ಎಳೆದುಕೊಂಡ ನೀರು ಸೇರುವುದು ಎಲ್ಲಿಗೆ ಎಂದು ಹೇಳಬೇಕಾಗಿಲ್ಲ. ಈಗ ದಡ ಮುಟ್ಟುವ ಮುನ್ನೂರು ಅಡಿ ಮೊದಲೇ ಪೈಪ್ ಕಳಚಿ, ಕಾರ್ಬುರೇಟರಿನ ಬಟ್ಟಲು ಬರಿದಾಗುವವರೆಗೆ ಓಡಿಸುತ್ತೇನೆ.

ಬೇಯಿಸಿದ ಮೇಲೆ ಎಂಬತ್ತು ತೊಂಬತ್ತು ತಾಸು ಓಡಿದೆ. ಬಟ್ಟಲನ್ನು ಒಮ್ಮೆ ಬಿಚ್ಚಿ ನೋಡಿದ್ದೇನೆ, ಬಿಳಿ ಇಲ್ಲ. ಇಂಗು ಕೇಳಿದವರು ಹೋದ ತಿಂಗಳು ತಮ್ಮ ಔಷಧಿ ಹೊಡೆಯುವ ಎಂಜಿನ್ನಿನ ಕಾರ್ಬುರೇಟರನ್ನು ಹಾಳೆಯಲ್ಲಿ ಸುತ್ತಿ ತಂದು ಜಗಲಿಯ ಮೇಲಿಟ್ಟು, ನಿಂಬೆಹಣ್ಣು ತರುವುದನ್ನು ಮರೆತೆ ಎಂದರು. ಗಜನಿಂಬೆಯಲ್ಲಿ ಬೇಯಿಸಿಕೊಟ್ಟೆ, ಅದೂ ನಡೆಯುತ್ತದೆ. ನನ್ನ ಎಂಜಿನ್ನಿನಲ್ಲಿ ಬೆಳಗಿನ ಮೊದಲ ಎರಡು ನಿಮಿಷ ಇನ್ನೂ ಸಣ್ಣದೊಂದು ತಡವರಿಕೆ ಉಳಿದಿದೆ, ಬಿಸಿಯಾದ ಮೇಲೆ ಹೋಗುತ್ತದೆ. ಕೆಳಗಿನ ಸೀಲಿನ ಮೇಲೆ ನನಗೆ ಅನುಮಾನ. ಗೊನೆ ಕೊಯ್ಲು ಮುಗಿದ ಮೇಲೆ ಬಿಚ್ಚಬೇಕೆಂದಿದ್ದೇನೆ.