ಆರೂವರೆ ಗಂಟೆಯ ಲೆಕ್ಕ: ಕಾಟ್ಸ್‌ವೋಲ್ಡ್ ವೇಯಲ್ಲಿ ಒಂದು ದಿನ

ಇಂಗ್ಲೆಂಡಿನ ಚಿಪ್ಪಿಂಗ್ ಕ್ಯಾಂಪ್ಡೆನ್‌ನಿಂದ ಬಾತ್ ನಗರದವರೆಗೆ ಸುಮಾರು 164 ಕಿಲೋಮೀಟರ್ ಸಾಗುವ ಕಾಟ್ಸ್‌ವೋಲ್ಡ್ ವೇ ಕಾಲುದಾರಿಯ ಮೊದಲ 28 ಕಿಲೋಮೀಟರುಗಳನ್ನು, ಅಂದರೆ ವಿಂಚ್‌ಕಮ್ ಪಟ್ಟಣದವರೆಗಿನ ಭಾಗವನ್ನು, ಒಂದೇ ದಿನದಲ್ಲಿ ನಡೆಯಲು ನಾನೂ ನನ್ನ ಗೆಳೆಯನೂ ಅಕ್ಟೋಬರ್ ನಡುವಿನ ಒಂದು ಶನಿವಾರ ಹೊರಟೆವು. ಸಮಯದ ಲೆಕ್ಕ ಹಾಕಿದವನು ನಾನು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಂತೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಕ್ಷೆಯಲ್ಲಿ ಎಣಿಸಿದಾಗ ದಿನದ ಒಟ್ಟು ಏರಿಕೆ 600 ಮೀಟರಿನ ಆಸುಪಾಸಿನಲ್ಲಿತ್ತು. ನಡಿಗೆಗೆ ಆರೂವರೆ ಗಂಟೆ, ಊಟಕ್ಕೆ ಒಂದು ಗಂಟೆ ಎಂದು ಬರೆದುಕೊಂಡೆ; ಬೆಳಿಗ್ಗೆ ಎಂಟೂವರೆಗೆ 1627ರಲ್ಲಿ ಕಟ್ಟಿದ ಮಾರ್ಕೆಟ್ ಹಾಲಿನ ಬಳಿಯಿಂದ ಹೊರಟವರು ನಾಲ್ಕಕ್ಕೆ ವಿಂಚ್‌ಕಮ್‌ನಲ್ಲಿ ಚಹಾ ಕುಡಿಯಬೇಕಿತ್ತು.

ಡೋವರ್ಸ್ ಹಿಲ್ ಏರಿ, 312 ಮೀಟರ್ ಎತ್ತರದ ಗುಡ್ಡದ ಮೇಲಿರುವ ಬ್ರಾಡ್‌ವೇ ಟವರ್ ಮುಟ್ಟುವವರೆಗೆ ಲೆಕ್ಕ ಕೆಡಲಿಲ್ಲ. ಕೆಟ್ಟದ್ದು ಬ್ರಾಡ್‌ವೇ ಹಳ್ಳಿಗೆ ಇಳಿದ ಮೇಲೆ. ಈ ದಾರಿಯ ಬಹುಪಾಲು ಖಾಸಗಿ ಹೊಲ, ಹುಲ್ಲುಗಾವಲುಗಳ ನಡುವೆಯೇ ಹೋಗುತ್ತದೆ. ಸಾರ್ವಜನಿಕರಿಗೆ ಅಲ್ಲಿ ನಡೆಯುವ ಕಾನೂನುಬದ್ಧ ಹಕ್ಕಿದೆ, ದನ ಕುರಿಗಳು ಹೊರಬೀಳದಂತೆ ಗೇಟು ಮುಚ್ಚುವ ಹೊಣೆಯೂ ಇದೆ. ದಾರಿ ತೋರುವ ಓಕ್ ಕಾಯಿಯ ಗುರುತು ಹುಡುಕುವುದು, ಬೆನ್ನುಚೀಲದೊಂದಿಗೆ ಒಬ್ಬೊಬ್ಬರಾಗಿ ಗೇಟಿನಲ್ಲಿ ತೂರುವುದು, ಬೇಲಿ ದಾಟಲು ಇಟ್ಟ, ನಮ್ಮ ಮಲೆನಾಡಿನ ತಡಬೆಯನ್ನೇ ಹೋಲುವ ಮರದ ಮೆಟ್ಟಿಲುಗಳನ್ನು ಹತ್ತಿಳಿಯುವುದು, ಇವೆಲ್ಲ ತಲಾ ಒಂದು ನಿಮಿಷದ ಕೆಲಸವಾದರೂ ಡಜನುಗಟ್ಟಲೆ ಸಲ ಮಾಡಬೇಕಾಯಿತು. ಉತ್ತ ಹೊಲವೊಂದರಲ್ಲಿ ಬೂಟಿಗೆ ಮೆತ್ತಿದ ಜೇಡಿಮಣ್ಣಿನಿಂದ ನಮ್ಮ ವೇಗ ಅರ್ಧಕ್ಕಿಳಿಯಿತು. ಇನ್ನೊಂದೆಡೆ ಹೋರಿಗರುಗಳ ಹಿಂಡು ಕುತೂಹಲದಿಂದ ಹಿಂದೆ ಬಿದ್ದಾಗ, ಕೊಟ್ಟಿಗೆಯ ಮನೆಯಲ್ಲೇ ಬೆಳೆದ ಗೆಳೆಯ ನನಗಿಂತ ಮೊದಲು ಬೇಲಿಯ ಕಡೆ ಸರಿದದ್ದನ್ನು ಇಲ್ಲಿ ದಾಖಲಿಸಲೇಬೇಕು. ಓಡದೆ, ಹಿಂಡಿನಿಂದ ದೂರವಾಗಿ ಸುತ್ತಿ ಹೋಗುವುದು ಸರಿಯಾದ ಕ್ರಮ. ನಾವು ತಡವಾಗಿಯಾದರೂ ಅದನ್ನೇ ಮಾಡಿದೆವು.

ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳ ಸ್ಟ್ಯಾಂಟನ್ ಹಳ್ಳಿಯಲ್ಲಿ ಅವನು ಕುಳಿತು ಕಾಲುಚೀಲ ಕಳಚಿದಾಗ ಹಿಮ್ಮಡಿಯಲ್ಲಿ ರೂಪಾಯಿಯಗಲದ ಬೊಬ್ಬೆ ಎದ್ದಿತ್ತು. ಬ್ರಾಡ್‌ವೇಯಲ್ಲೇ ಉರಿ ಶುರುವಾಗಿತ್ತಂತೆ. ಏಕೆ ಹೇಳಲಿಲ್ಲ ಎಂದರೆ, "ನೀನು ಗಡಿಯಾರ ನೋಡ್ತಾ ನಡೀತಿದ್ದೆಯಲ್ಲ ಮಾರಾಯ" ಎಂದ. ಉರಿ ಕಾಣಿಸಿದ ಕೂಡಲೇ ಚರ್ಮ ಒರೆಸಿ ಟೇಪು ಅಂಟಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಟೇಪು ನನ್ನ ಚೀಲದಲ್ಲಿತ್ತು, ಆದರೆ ಆ ಐದು ನಿಮಿಷ ನನ್ನ ಪಟ್ಟಿಯಲ್ಲಿರಲಿಲ್ಲ.

ಅಲ್ಲಿಂದ ಮುಂದೆ ಅವನನ್ನು ಮುಂದೆ ಬಿಟ್ಟು ನಾನು ಹಿಂದೆ ನಡೆದೆ. ವುಡ್ ಸ್ಟ್ಯಾನ್‌ವೇಯ ಕಡಿದಾದ ಏರಿನಲ್ಲಿ ಅವನು ನಿಂತಲ್ಲೆಲ್ಲ ನಿಂತೆ. ವಿಚಿತ್ರವೆಂದರೆ ನನ್ನ ಮೊಣಕಾಲಿಗೂ ಅದರಿಂದ ಹಿತವಾಯಿತು. 1246ರಲ್ಲಿ ಸ್ಥಾಪನೆಯಾದ ಹೇಲ್ಸ್ ಮಠದ ಪಾಳುಕಮಾನುಗಳನ್ನು ಬೇಲಿಯಾಚೆಯಿಂದ ನೋಡಿದಾಗ ಬೆಳಕು ಕಂದುತ್ತಿತ್ತು. ವಿಂಚ್‌ಕಮ್ ತಲುಪಿದಾಗ ಆರೂಕಾಲು. ಚಹಾದಂಗಡಿ ಬಾಗಿಲು ಹಾಕಿತ್ತು.